ಕಾನೂನಿನ ಅಳತೆಗೆ ಸಿಗದ ಏರಿ

ಅಮೆರಿಕದ ಜಾರ್ಜಿಯಾ ರಾಜ್ಯದ ಈಶಾನ್ಯ ಮೂಲೆಯ ಗುಡ್ಡಗಾಡಿನಲ್ಲಿ ಟೊಕೋವಾ ಎಂಬ ಪಟ್ಟಣವಿದೆ. ಅದರ ಹೊರವಲಯದ ತೊರೆಯೊಂದಕ್ಕೆ 1899ರಲ್ಲಿ ಅಡ್ಡಕಟ್ಟೆ ಹಾಕಿದರು. ಮರದ ದಿಮ್ಮಿಗಳ ಚೌಕಟ್ಟು ಹೂಡಿ ಒಳಗೆ ಕಲ್ಲು ತುಂಬಿದ ಕಟ್ಟೆ; ಪುಟ್ಟದೊಂದು ವಿದ್ಯುತ್ ಘಟಕ ನಡೆಸುವಷ್ಟು ನೀರು ನಿಂತರೆ ಸಾಕಿತ್ತು. ಮುಂದೆ ಆ ಜಾಗ ಟೊಕೋವಾ ಫಾಲ್ಸ್ ಎಂಬ ಕ್ರೈಸ್ತ ವಿದ್ಯಾಸಂಸ್ಥೆಯ ಕೈಗೆ ಬಂತು. 1937ರಲ್ಲಿ ಸಂಸ್ಥೆಯವರು ಹಳೆಯ ಕಟ್ಟೆಯನ್ನು ಕಿತ್ತುಹಾಕುವ ಗೋಜಿಗೆ ಹೋಗದೆ ಅದರ ಮೇಲೆಯೇ ಮಣ್ಣು ಸುರಿದು ಏರಿ ಮಾಡಿಕೊಂಡರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇನ್ನಷ್ಟು ಮಣ್ಣು ಬಿತ್ತು, ಏರಿ ಇನ್ನಷ್ಟು ಎತ್ತರವಾಯಿತು. 1957ರ ಹೊತ್ತಿಗೆ ವಿದ್ಯುತ್ ತಯಾರಿಸುವುದನ್ನೂ ನಿಲ್ಲಿಸಿದರು. ಅಲ್ಲಿಂದಾಚೆಗೆ ಅದು ದೋಣಿವಿಹಾರಕ್ಕೆ, ಗಾಳ ಹಾಕುವುದಕ್ಕೆ ಇದ್ದ ಕೆರೆ. ಹೆಸರು ಕೆಲಿ ಬಾರ್ನ್ಸ್.

ಏರಿಯ ಎತ್ತರ 38 ಅಡಿ, ಉದ್ದ 400 ಅಡಿ, ನೆತ್ತಿಯ ಅಗಲ 20 ಅಡಿ. ಒಡೆದ ರಾತ್ರಿ ಅದರ ಹಿಂದೆ ನಿಂತಿದ್ದ ನೀರು ಸುಮಾರು ಏಳೂಮುಕ್ಕಾಲು ಲಕ್ಷ ಘನ ಮೀಟರ್. ನಮಗೆ ರೂಢಿಯಾದ ಟಿಎಂಸಿ ಲೆಕ್ಕದಲ್ಲಿ ಹೇಳುವುದಾದರೆ 0.027. ಕೆಆರ್‌ಎಸ್ ತುಂಬಿದರೆ 49 ಟಿಎಂಸಿ ಚಿಲ್ಲರೆ. ಕಾವೇರಿಯ ಸುದ್ದಿ ಓದಿ ಓದಿ ಪಳಗಿದ ನಮ್ಮ ಕಣ್ಣಿಗೆ 0.027 ಒಂದು ಸಂಖ್ಯೆಯೇ ಅಲ್ಲ.

1977ರ ನವೆಂಬರ್ 2ರಿಂದ 5ರವರೆಗೆ ಅಲ್ಲಿ ಏಳು ಇಂಚು ಮಳೆಯಾಯಿತು. ಅದರಲ್ಲಿ ಅರ್ಧದಷ್ಟು ಐದನೆಯ ತಾರೀಖಿನ ಸಂಜೆ ಆರರಿಂದ ನಡುರಾತ್ರಿಯೊಳಗೆ ಸುರಿಯಿತು. ಆಗುಂಬೆಯವರು ಕೇಳಿದರೆ ನಕ್ಕಾರು, ಜುಲೈಯಲ್ಲಿ ಅವರಿಗೆ ಅದು ಒಂದು ಹಗಲುರಾತ್ರಿಯ ಬಾಬತ್ತು. ಆರನೆಯ ತಾರೀಖು ಭಾನುವಾರ, ಬೆಳಗಿನ ಜಾವ ಒಂದೂವರೆಗೆ ಏರಿ ಕಿತ್ತುಹೋಯಿತು. ಕೆಳಗೆ 186 ಅಡಿಯ ಜಲಪಾತವಿದೆ. ನೀರು ಅಲ್ಲಿಂದ ಧುಮುಕಿ ಕಾಲೇಜಿನ ಆವರಣಕ್ಕೆ ನುಗ್ಗಿತು. ತೊರೆಯ ದಂಡೆಯಲ್ಲಿ ಹುಡುಗರ ಹಾಸ್ಟೆಲು, ಮನೆಗಳು, ಸಂಸಾರಸ್ಥ ವಿದ್ಯಾರ್ಥಿಗಳು ಇದ್ದ ಟ್ರೇಲರ್ ಮನೆಗಳು. ಟ್ರೇಲರ್ ಅಂದರೆ ಚಕ್ರದ ಮೇಲೆ ಎಳೆದು ತಂದು ನಿಲ್ಲಿಸಿದ ತಗಡಿನ ಮನೆ, ಕೆಳಗೆ ಅಡಿಪಾಯವಿಲ್ಲ. ಅಂಥ 18 ಮನೆಗಳೂ 9 ಗಟ್ಟಿ ಮನೆಗಳೂ ನಾಮಾವಶೇಷವಾದವು. ಸತ್ತವರು 39 ಜನ. ಅವರಲ್ಲಿ 20 ಮಂದಿ ಮಕ್ಕಳು.

ತನಿಖೆಗೆ ಕೂತ ಎಂಜಿನಿಯರುಗಳಿಗೆ ಇದೇ ಕಾರಣ ಎಂದು ಒಂದರತ್ತ ಬೆರಳು ತೋರಿಸಲಾಗಲಿಲ್ಲ. ಏರಿಯ ಹೊರಮೈಯ ಒಂದು ಭಾಗ ಕುಸಿಯಿತು, ಆ ಕುಸಿತಕ್ಕೆ ಒಳಗಿನ ಜಿನುಗು ಇಂಬುಕೊಟ್ಟಿರಬೇಕು, ನೆತ್ತಿಯಲ್ಲಿ ಕಂಡಿ ಬಿತ್ತು, ಕಂಡಿಯಲ್ಲಿ ನುಗ್ಗಿದ ನೀರು ಉಳಿದದ್ದನ್ನು ಕೊರೆದುಕೊಂಡು ಹೋಯಿತು: ಅವರು ಹೆಚ್ಚು ಸಂಭವವೆಂದು ಬರೆದ ಸರಣಿ ಇದು. ಹೊರಮೈಯ ಇಳಿಜಾರು ಹೆಚ್ಚುಕಡಿಮೆ 45 ಡಿಗ್ರಿ ಕಡಿದಾಗಿತ್ತು. ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. 1973ರಲ್ಲಿ, ಅಂದರೆ ನಾಲ್ಕು ವರ್ಷ ಮೊದಲೇ, ಯಾರೋ ತೆಗೆದ ಒಂದು ಫೋಟೋದಲ್ಲಿ ಅದೇ ಹೊರಮೈಯಲ್ಲಿ ಹನ್ನೆರಡು ಅಡಿ ಎತ್ತರ, ಮೂವತ್ತು ಅಡಿ ಅಗಲದ ಜರಿತ ಕಾಣುತ್ತದೆ. ಏರಿ ತನ್ನ ಕಾಯಿಲೆಯನ್ನು ಹೇಳಿಕೊಂಡಿತ್ತು. ಕೇಳಿಸಿಕೊಳ್ಳಬೇಕಾದ ಕೆಲಸ ಯಾರದು ಎಂಬುದು ಗೊತ್ತುಪಡಿಸಿರಲಿಲ್ಲ.

ಮಣ್ಣಿನ ಏರಿ ನೀರನ್ನು ಪೂರ್ತಿ ತಡೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ನೀರನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತಿರುತ್ತದೆ. ಕೆರೆಯ ಕಡೆಯಿಂದ ನೀರು ಮಣ್ಣಿನ ಸಂದುಗಳಲ್ಲಿ ಇಳಿಯುತ್ತ ಹೊರಬುಡದತ್ತ ಬರುತ್ತಲೇ ಇರುತ್ತದೆ. ಚೆನ್ನಾಗಿ ಕಟ್ಟಿದ ಏರಿಯಲ್ಲಿ ನಡುವೆ ಜೇಡಿಮಣ್ಣಿನ ಗೋಡೆ ಇಟ್ಟು ಆ ಓಟವನ್ನು ಕುಗ್ಗಿಸಿರುತ್ತಾರೆ, ಬುಡದಲ್ಲಿ ಮರಳು, ಜಲ್ಲಿ, ಕಲ್ಲಿನ ಪದರ ಇಟ್ಟು ನೀರು ಮಾತ್ರ ಹೊರಗೆ ಬಂದು ಮಣ್ಣು ಒಳಗೇ ಉಳಿಯುವಂತೆ ಮಾಡಿರುತ್ತಾರೆ. ಈ ಸೋಸು ಇಲ್ಲದಿದ್ದರೆ ನೀರಿನ ಜೊತೆ ಮೊದಲು ನುಣ್ಣನೆಯ ಕಣಗಳು ಹೊರಡುತ್ತವೆ. ಅವು ಬಿಟ್ಟುಹೋದ ಜಾಗದಲ್ಲಿ ನೀರಿನ ಓಟ ಹೆಚ್ಚುತ್ತದೆ, ಓಟ ಹೆಚ್ಚಿದ್ದಕ್ಕೆ ದಪ್ಪ ಕಣಗಳೂ ಹೊರಡುತ್ತವೆ. ಬುಡದಲ್ಲಿ ಶುರುವಾದ ಬೆರಳುಗಾತ್ರದ ದಾರಿ ಹಿಂದುಹಿಂದಕ್ಕೆ ಕೊರೆಯುತ್ತ ಕೆರೆಯನ್ನು ಮುಟ್ಟುತ್ತದೆ. ಮುಟ್ಟಿದ ಮೇಲೆ ಉಳಿಯುವುದು ಗಂಟೆಗಳ ಮಾತು, ಕೆಲವೊಮ್ಮೆ ನಿಮಿಷಗಳದು.

ಆದ್ದರಿಂದ ಹೊರಬುಡದಲ್ಲಿ ನೀರು ಜಿನುಗುವುದೇ ಅಪಾಯವಲ್ಲ. ಗಾಜಿನ ಲೋಟದಲ್ಲಿ ಹಿಡಿದು ನೋಡಬೇಕು. ತಿಳಿಯಾಗಿದ್ದು, ಹೋದ ವರ್ಷದಷ್ಟೇ ಇದ್ದರೆ ಏರಿ ತನ್ನ ಪಾಡಿಗೆ ತಾನಿದೆ. ಮಣ್ಣು ಬೆರೆತು ಬಂದರೆ, ಅಥವಾ ಕೆರೆ ಮಟ್ಟ ಏರದೆಯೂ ಜಿನುಗು ಏರುತ್ತಿದ್ದರೆ, ಒಳಗೆ ಕೊರೆತ ನಡೆದಿದೆ. ಇಂಥ ಹೊತ್ತಿನಲ್ಲಿ ಜನ ಮೊದಲು ಮಾಡುವ ಕೆಲಸ ಆ ತೂತಿಗೆ ಜೇಡಿಮಣ್ಣು ಮೆತ್ತುವುದು. ಹಾಗೆ ಹೊರಗಿನಿಂದ ಬಾಯಿ ಕಟ್ಟಿದರೆ ನೀರು ಒಳಗೇ ಒತ್ತಡ ಹೆಚ್ಚಿಸಿಕೊಂಡು ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಮರಳು ಸುರಿದು, ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಿ, ನೀರಿಗೆ ದಾರಿ ಬಿಟ್ಟು ಮಣ್ಣನ್ನು ತಡೆಯುವುದು ಸರಿಯಾದ ಕ್ರಮ. ಕೆರೆಯ ನೀರನ್ನು ಇಳಿಸಬೇಕು, ಅದೂ ನಿಧಾನವಾಗಿ. ಗಡಿಬಿಡಿಯಲ್ಲಿ ಖಾಲಿ ಮಾಡಿದರೆ ನೆನೆದ ಒಳಮೈ ತನ್ನ ಭಾರಕ್ಕೆ ತಾನೇ ಕೆರೆಯೊಳಕ್ಕೆ ಜಾರಬಹುದು.

ಇಳಿಜಾರಿನ ವಿಷಯವೂ ಇದಕ್ಕೆ ಸೇರಿದ್ದೇ. ನೆನೆದ ಮಣ್ಣಿಗೆ ತೂಕ ಹೆಚ್ಚು, ಹಿಡಿತ ಕಡಿಮೆ. ಒಂದು ಅಡಿ ಎತ್ತರಕ್ಕೆ ಎರಡು, ಎರಡೂವರೆ ಅಡಿ ಓರೆ ಬಿಡುವುದು ಅದಕ್ಕೇ. ಹಾಗೆ ಬಿಟ್ಟರೆ ಮಣ್ಣು ಹೆಚ್ಚು ಬೇಕು, ಜಾಗ ಹೆಚ್ಚು ಬೇಕು, ದುಡ್ಡು ಹೆಚ್ಚು ಬೇಕು. ಸ್ವಂತ ಖರ್ಚಿನಲ್ಲಿ ಕಟ್ಟಿಸುವವನು ಮೊದಲು ಉಳಿತಾಯ ಮಾಡುವುದು ಇಲ್ಲಿಯೇ. ಮರಗಳದ್ದು ಇನ್ನೊಂದು ಕಥೆ. ಏರಿಯ ಮೇಲೆ ಮರ ಇದ್ದರೆ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ ಎಂದು ನಂಬಿದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮರ ಸತ್ತ ಮೇಲೆ ಕೊಳೆತ ಬೇರು ಒಂದು ಕೊಳವೆಯಾಗುತ್ತದೆ. ಗಾಳಿಗೆ ಬುಡಮೇಲಾದರೆ ಗಾಡಿಗಟ್ಟಲೆ ಏರಿಯನ್ನೇ ಎತ್ತಿಕೊಂಡು ಬೀಳುತ್ತದೆ. ಏರಿಗೆ ಬೇಕಾದದ್ದು ಹುಲ್ಲು.

ಏಡಿಯನ್ನೂ ಇಲ್ಲಿ ನೆನೆಯಬೇಕು. 2019ರ ಜುಲೈಯಲ್ಲಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದು ಸುಮಾರು ಇಪ್ಪತ್ತು ಜನ ಸತ್ತಾಗ, ಏಡಿಗಳು ಕೊರೆದದ್ದರಿಂದ ಹೀಗಾಯಿತು ಎಂದು ಆ ರಾಜ್ಯದ ಜಲಸಂರಕ್ಷಣಾ ಸಚಿವರು ಹೇಳಿದರು. ವಿರೋಧ ಪಕ್ಷದವರು ಏಡಿಗಳನ್ನು ಹಿಡಿದು ಪೊಲೀಸ್ ಠಾಣೆಗೆ ತಂದು, ಇವರನ್ನು ಬಂಧಿಸಿ ಎಂದು ಕೂತರು. ದೇಶವೆಲ್ಲ ನಕ್ಕಿತು. ಗದ್ದೆಯ ಬದುವಿನಲ್ಲಿ ಏಡಿಬಿಲಕ್ಕೆ ನೀರು ಸೋರಿಹೋಗುವುದನ್ನು ಕಂಡ ಕರಾವಳಿ, ಮಲೆನಾಡಿನ ರೈತರು ಪೂರ್ತಿ ನಕ್ಕಿರಲಾರರು. ಬಿಲ ತೋಡುವ ಪ್ರಾಣಿಗಳಿಂದ ಏರಿಗೆ ಹಾನಿಯಾಗುವುದು ನಿಜ. ಆದರೆ ಏಡಿಗೆ ಒಂದು ರಾತ್ರಿಯಲ್ಲಿ ಏರಿ ಒಡೆಯಲು ಬರುವುದಿಲ್ಲ. ವರ್ಷಗಟ್ಟಲೆ ಯಾರೂ ಬಂದು ನೋಡದಿದ್ದರೆ ಮಾತ್ರ ಅದಕ್ಕೆ ಪುರುಸೊತ್ತು ಸಿಗುತ್ತದೆ.

ಇನ್ನು ಕೋಡಿ. ಏರಿಯ ನೆತ್ತಿಯ ಮೇಲೆ ನೀರು ಹರಿದರೆ ಮಣ್ಣಿನ ಏರಿ ಉಳಿಯುವುದಿಲ್ಲ, ಹಾಗೆ ಹರಿಯದಂತೆ ನೋಡಿಕೊಳ್ಳುವುದು ಕೋಡಿಯ ಕೆಲಸ. ಖಾಸಗಿ ಕೆರೆಗಳಲ್ಲಿ ಮಾಲೀಕರ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ, ಯಾಕೆಂದರೆ ಕೋಡಿ ಹರಿದ ನೀರು ಕೈತಪ್ಪಿದ ನೀರು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್‌ನಲ್ಲಿ ಶ್ರೀಮಂತರ ಮೀನುಗಾರಿಕೆ ಕ್ಲಬ್ಬೊಂದು ಹಳೆಯ ಮಣ್ಣಿನ ಅಣೆಕಟ್ಟನ್ನು ಕೊಂಡಿತ್ತು. ತಳದಿಂದ ನೀರು ಬಿಡುವ ಕಬ್ಬಿಣದ ಕೊಳವೆಗಳನ್ನು ಹಿಂದಿನ ಮಾಲೀಕನೇ ಕಿತ್ತು ಮಾರಿಯಾಗಿತ್ತು. ಕುದುರೆಗಾಡಿ ಸಲೀಸಾಗಿ ದಾಟಲಿ ಎಂದು ಏರಿಯ ನೆತ್ತಿಯನ್ನು ತುಸು ತಗ್ಗಿಸಿದರು. ಸಾಕಿದ ಮೀನು ತಪ್ಪಿಸಿಕೊಳ್ಳದಿರಲಿ ಎಂದು ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರ ಮಳೆಗೆ ಜಾಲರಿ ಕಸಕಡ್ಡಿಯಿಂದ ಕಟ್ಟಿಕೊಂಡಿತು, ನೀರು ನೆತ್ತಿ ಹತ್ತಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ ಸತ್ತವರು 2,209 ಜನ. ಹವಾಯಿಯ ಕವಾಯಿ ದ್ವೀಪದಲ್ಲಿ 1890ರ ಸುಮಾರಿಗೆ ಕಬ್ಬಿನ ತೋಟಕ್ಕೆಂದು ಕಟ್ಟಿದ ಕಾ ಲೋಕೋ ಎಂಬ ಖಾಸಗಿ ಕೆರೆ 2006ರ ಮಾರ್ಚ್‌ನಲ್ಲಿ ಒಡೆದು ಏಳು ಜನ ಸತ್ತರು. ಅಲ್ಲೂ ಮುಖ್ಯ ಪ್ರಶ್ನೆ ಕೋಡಿ ಎಲ್ಲಿ ಹೋಯಿತು ಎಂಬುದೇ ಆಗಿತ್ತು, ಪ್ರಕರಣ ಕ್ರಿಮಿನಲ್ ಕೋರ್ಟಿನ ಮೆಟ್ಟಿಲು ಹತ್ತಿತು. ನಮ್ಮ ಊರುಗಳಲ್ಲಿ ಇನ್ನೊಂದು ಮೊಳ ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲ ಪೇರಿಸುವುದನ್ನೂ, ಕಾಟ್ಲಾ ರೋಹು ಕೆಳಗೆ ಹೋಗದಿರಲಿ ಎಂದು ಬಲೆ ಕಟ್ಟುವುದನ್ನೂ ನೋಡದವರು ಯಾರು?

ಟೊಕೋವಾ ದುರಂತ ಅಮೆರಿಕದಲ್ಲಿ ಒಂದು ಹಳೆಯ ಕಾನೂನನ್ನು ಎಬ್ಬಿಸಿತು. 1972ರಲ್ಲಿ ವೆಸ್ಟ್ ವರ್ಜೀನಿಯಾದ ಬಫೆಲೊ ಕ್ರೀಕ್‌ನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದಿಂದ ಕಟ್ಟಿದ್ದ ಒಡ್ಡು ಒಡೆದು 125 ಜನ ಸತ್ತಿದ್ದರು. ಅದೇ ವರ್ಷ ಅಲ್ಲಿನ ಸಂಸತ್ತು ಅಣೆಕಟ್ಟುಗಳ ತಪಾಸಣೆಗೆ ಕಾಯ್ದೆ ಮಾಡಿತು, ಹಣ ಕೊಡಲಿಲ್ಲ. 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅದೇ ಜಾರ್ಜಿಯಾದ ಮಾಜಿ ಗವರ್ನರ್. ಅವರ ಪತ್ನಿ ರೋಸಲಿನ್ ಟೊಕೋವಾಕ್ಕೇ ಹೋಗಿ ಬಂದರು. ಆಮೇಲೆ ಸೇನೆಯ ಎಂಜಿನಿಯರ್ ದಳ ನಾಲ್ಕು ವರ್ಷ ತಿರುಗಿ, ಕೇಂದ್ರ ಸರ್ಕಾರಕ್ಕೆ ಸೇರದ ಸುಮಾರು 8,800 ಅಣೆಕಟ್ಟುಗಳನ್ನು ನೋಡಿತು. ಮೂರರಲ್ಲೊಂದು ಅಸುರಕ್ಷಿತ ಎಂದಿತು. ಜಾರ್ಜಿಯಾ 1978ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು.

ಆ ಕಾಯ್ದೆಗಳ ಒಂದು ಲಕ್ಷಣ ನಮಗೆ ಮುಖ್ಯ. ಅಲ್ಲಿ ಅಣೆಕಟ್ಟನ್ನು ವಿಂಗಡಿಸುವಾಗ ಕೇಳುವ ಮೊದಲ ಪ್ರಶ್ನೆ, ಇದು ಒಡೆದರೆ ಜನ ಸಾಯುತ್ತಾರೆಯೇ ಎಂದು. ಹೌದಾದರೆ ಅದು ಹೆಚ್ಚು ಅಪಾಯದ ವರ್ಗಕ್ಕೆ ಸೇರಿತು, ಏರಿ ಎಷ್ಟೇ ಗಟ್ಟಿಯಾಗಿರಲಿ. ಗಟ್ಟಿಯೋ ಜೀರ್ಣವೋ ಎಂಬುದು ಬೇರೆಯೇ ಲೆಕ್ಕ. ಈ ವಿಂಗಡಣೆಯಿಂದ ಒಂದು ವಿಚಿತ್ರ ಹುಟ್ಟುತ್ತದೆ: ಏರಿ ಇದ್ದಲ್ಲೇ ಇರುತ್ತದೆ, ಒಂದು ಬುಟ್ಟಿ ಮಣ್ಣೂ ಅತ್ತಿತ್ತ ಆಗಿರುವುದಿಲ್ಲ, ಕೆಳಗೆ ಯಾರೋ ನಾಲ್ಕು ಮನೆ ಕಟ್ಟಿಕೊಳ್ಳುತ್ತಾರೆ, ಅಣೆಕಟ್ಟು ರಾತ್ರೋರಾತ್ರಿ ಮೇಲಿನ ವರ್ಗಕ್ಕೆ ಬಡ್ತಿ ಪಡೆಯುತ್ತದೆ. ಖರ್ಚು ಮಾಲೀಕನ ತಲೆಗೆ. ಅಮೆರಿಕದ ಅಣೆಕಟ್ಟು ಪಟ್ಟಿಯಲ್ಲಿರುವ 90 ಸಾವಿರಕ್ಕೂ ಹೆಚ್ಚು ಕಟ್ಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಸಗಿಯವರವು. ಅಜ್ಜ ದನಕ್ಕೆ ನೀರಿಗೆಂದು ಕಟ್ಟಿಸಿದ ಕೆರೆಗೆ ಮೊಮ್ಮಗ ಎಂಜಿನಿಯರನ್ನು ಕರೆಸಿ ವರದಿ ಬರೆಸಬೇಕು. ಅವನ ಗೊಣಗಾಟದಲ್ಲಿ ನ್ಯಾಯವಿಲ್ಲ ಎನ್ನಲಾರೆ.

ನಮ್ಮ ಕಡೆ ಬರೋಣ. ಭಾರತದ ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರ ಕೊನೆಯಲ್ಲಿ ಜಾರಿಗೆ ಬಂತು. ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ತಪಾಸಣೆ ಆಗಬೇಕು ಎಂಬಂಥ ಒಳ್ಳೆಯ ಕಟ್ಟಳೆಗಳು ಅದರಲ್ಲಿವೆ. ಮಾಲೀಕ ಸರ್ಕಾರವೋ ಖಾಸಗಿಯೋ ಎಂಬ ಭೇದವಿಲ್ಲ. ಆದರೆ ಯಾವ ಅಣೆಕಟ್ಟಿಗೆ ಅನ್ವಯ? 15 ಮೀಟರಿಗಿಂತ ಎತ್ತರದ್ದಾದರೆ ನೇರವಾಗಿ. ಹತ್ತರಿಂದ ಹದಿನೈದು ಮೀಟರಿನೊಳಗಿದ್ದರೆ ಉದ್ದ 500 ಮೀಟರ್ ಮುಟ್ಟಬೇಕು, ಇಲ್ಲವೇ ಹತ್ತು ಲಕ್ಷ ಘನ ಮೀಟರ್ ನೀರು ಹಿಡಿಯಬೇಕು, ಇಲ್ಲವೇ ಸೆಕೆಂಡಿಗೆ 2,000 ಘನ ಮೀಟರ್ ಪ್ರವಾಹಕ್ಕೆ ಲೆಕ್ಕ ಹಾಕಿರಬೇಕು, ಇಲ್ಲವೇ ಅಡಿಪಾಯ ತೊಡಕಿನದೋ ವಿನ್ಯಾಸ ಅಸಾಮಾನ್ಯವೋ ಆಗಿರಬೇಕು. ಹತ್ತು ಮೀಟರಿಗಿಂತ ಕೆಳಗಿದ್ದರೆ ಕಾಯ್ದೆ ಅತ್ತ ತಿರುಗಿ ನೋಡುವುದಿಲ್ಲ.

ಈಗ ಕೆಲಿ ಬಾರ್ನ್ಸ್ ಏರಿಯನ್ನು ಈ ತಕ್ಕಡಿಗೆ ಹಾಕಿ. ಎತ್ತರ ಹನ್ನೊಂದೂವರೆ ಮೀಟರ್ ಚಿಲ್ಲರೆ. ಉದ್ದ 122 ಮೀಟರ್. ಒಡೆದ ರಾತ್ರಿಯ ತುಂಬುಕೆರೆಯನ್ನೇ ಲೆಕ್ಕ ಹಿಡಿದರೂ ನೀರು ಹತ್ತು ಲಕ್ಷ ಘನ ಮೀಟರ್ ಆಗುವುದಿಲ್ಲ. ಮೂವತ್ತೊಂಬತ್ತು ಜನರನ್ನು ಕೊಂದ ಕಟ್ಟೆ ನಮ್ಮ ಕಾಯ್ದೆಯ ಜರಡಿಯಲ್ಲಿ ಕೆಳಗೆ ಸೋರಿಹೋಗುತ್ತಿತ್ತು. ಮಣ್ಣಿನೊಳಗೆ ಮರದ ಚೌಕಟ್ಟು ಹುದುಗಿದ್ದನ್ನು ಅಸಾಮಾನ್ಯ ವಿನ್ಯಾಸವೆಂದು ವಾದಿಸಬಹುದಿತ್ತೇನೋ. ಹಾಗೆ ವಾದಿಸಲು ಒಳಗೇನಿದೆ ಎಂದು ಯಾರಾದರೂ ಹೋಗಿ ನೋಡಿರಬೇಕಲ್ಲ. ದೇಶದಲ್ಲಿ ದೊಡ್ಡ ಅಣೆಕಟ್ಟುಗಳೇ ಐದು ಸಾವಿರ ದಾಟಿರುವಾಗ ಎಲ್ಲೋ ಒಂದು ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಗೆರೆಯನ್ನು ಏರಿಯ ನೆತ್ತಿಯಿಂದ ಎಳೆದದ್ದಕ್ಕೆ ನನ್ನ ತಕರಾರು. ಏರಿಯ ಕೆಳಗೆ ಮಲಗುವವರ ಮನೆಯಿಂದ ಎಳೆಯಬೇಕಿತ್ತು.

ಕರ್ನಾಟಕದ ಹಳೆಯ ಕೆರೆಗಳಿಗೆ ಕಷ್ಟವಿದ್ದರೂ ವಾರಸುದಾರರಿದ್ದಾರೆ: ಸಣ್ಣ ನೀರಾವರಿ ಇಲಾಖೆ, ಪಂಚಾಯಿತಿ, ಎಲ್ಲಕ್ಕಿಂತ ಮಿಗಿಲಾಗಿ ಅಚ್ಚುಕಟ್ಟಿನ ರೈತರು. ತೂಬು ಸೋರಿದರೆ ಅವರ ಭತ್ತ ಒಣಗುತ್ತದೆ, ಹಾಗಾಗಿ ಗಲಾಟೆ ಮಾಡುತ್ತಾರೆ. ಹಿಂದೆ ನೀರುಗಂಟಿ ಏರಿಯ ಮೇಲೆ ಓಡಾಡುತ್ತಲೇ ಇರುತ್ತಿದ್ದ. ಖಾಸಗಿ ಕೆರೆಗೆ ಈ ಗಲಾಟೆಯವರಿಲ್ಲ. ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಎರಡು ಗುಡ್ಡದ ನಡುವಿನ ತಗ್ಗಿಗೆ ಏರಿ ಹಾಕಿ ಕೆರೆ ಮಾಡಿಕೊಳ್ಳುವುದು ಹೊಸದೇನಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಕೈಕೊಟ್ಟರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾರಿಸಬೇಕು, ಅದಕ್ಕೆ ಈ ನೀರು. ಚೆನ್ನಾಗಿ ಕಟ್ಟಿಸಿದವರು, ಹೆತ್ತ ಮಗುವಿನಂತೆ ನೋಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಹಿಟಾಚಿಯವನು ಹೇಳಿದ ಅಂದಾಜಿಗೇ ಏರಿ ಎತ್ತಿಸಿದವರೂ ಇದ್ದಾರೆ. ಅರ್ಧ ಅಡಿ, ಮುಕ್ಕಾಲು ಅಡಿ ಪದರ ಹಾಕಿ, ಹದವಾಗಿ ನೀರು ಚಿಮುಕಿಸಿ, ರೋಲರ್ ಹೊಡೆಸಿ, ಮತ್ತೆ ಪದರ ಹಾಕಬೇಕಾದ ಕಡೆ, ರಾಶಿ ಸುರಿದು ಬಕೆಟ್ಟಿನ ಬೆನ್ನಿನಿಂದ ನಾಲ್ಕು ಸಲ ತಟ್ಟಿದರೆ ಕಣ್ಣಿಗೆ ಏರಿಯಂತೆಯೇ ಕಾಣುತ್ತದೆ. ಮೇಲೆ ಜೀಪು ಓಡುತ್ತದೆ, ಪಕ್ಕದಲ್ಲಿ ಸಿಲ್ವರ್ ಓಕ್ ಸಾಲು ಬೆಳೆಯುತ್ತದೆ.

ಒಡೆದರೆ ಹೊಣೆ ಯಾರದು ಎಂಬ ಪ್ರಶ್ನೆಗೆ ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಮೊಕದ್ದಮೆ ಹುಟ್ಟಿದ್ದೇ ಇಂಥ ಸಣ್ಣ ಕೆರೆಯಿಂದ. ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕ ಕಟ್ಟಿಸಿದ ಕೆರೆಯ ತಳದಲ್ಲಿ ಹಳೆಯ ಗಣಿಬಾವಿಗಳಿದ್ದವು. 1860ರಲ್ಲಿ ಆ ಬಾವಿಗಳ ಮೂಲಕ ನೀರು ಇಳಿದು ಪಕ್ಕದ ಫ್ಲೆಚರ್‌ನ ಗಣಿ ಮುಳುಗಿತು. ತನ್ನ ಜಮೀನಿನಲ್ಲಿ ಅಪಾಯದ ವಸ್ತುವನ್ನು ಕೂಡಿಹಾಕಿಕೊಂಡವನು, ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ ಹೊಣೆ. ತಾನು ಎಚ್ಚರ ತಪ್ಪಿರಲಿಲ್ಲ ಎಂದು ಹೇಳಿ ಪಾರಾಗುವಂತಿಲ್ಲ ಎಂಬ ತತ್ವವನ್ನು 1868ರಲ್ಲಿ ಅಲ್ಲಿನ ಪ್ರಭುಸಭೆ ಎತ್ತಿಹಿಡಿಯಿತು.

ಆರೇ ವರ್ಷದಲ್ಲಿ ಆ ತತ್ವಕ್ಕೆ ನಮ್ಮ ನೆರೆಯಲ್ಲೇ ಸವಾಲು ಎದುರಾಯಿತು. ಈಗ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿರುವ ಕಾರ್ವೇಟಿನಗರದ ಜಮೀನ್ದಾರನ ಎರಡು ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಆಸ್ತಿಗೆ ಹಾನಿಯಾಯಿತು. ಕಂಪನಿ ರೈಲ್ಯಾಂಡ್ಸ್ ತೀರ್ಪನ್ನು ಮುಂದಿಟ್ಟು ಪರಿಹಾರ ಕೇಳಿತು. ಆಗ ಈ ದೇಶದ ಮೊಕದ್ದಮೆಗಳಿಗೆ ಕೊನೆಯ ಮೇಲ್ಮನವಿಯ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1874ರಲ್ಲಿ ಒಪ್ಪಲಿಲ್ಲ. ಈ ದೇಶದಲ್ಲಿ ಕೆರೆ ಎಂಬುದು ಜನರ ಅನ್ನಕ್ಕೆ ಬೇಕಾದದ್ದು, ಅದನ್ನು ಕಾಪಾಡಿಕೊಂಡು ಬರುವುದು ಜಮೀನ್ದಾರನಿಗೆ ತಲೆತಲಾಂತರದಿಂದ ಬಂದ ಕರ್ತವ್ಯ, ಅವನು ನಿರ್ಲಕ್ಷ್ಯ ಮಾಡಿದ್ದು ಸಾಬೀತಾಗದ ಹೊರತು ದಂಡ ಕಟ್ಟಿಸಲಾಗದು ಎಂಬುದು ಅದರ ನಿಲುವು. ಈ ನೆಲದ ರೀತಿ ಅರಿತು ಕೊಟ್ಟ ತೀರ್ಪು ಎಂದು ನನ್ನ ಎಣಿಕೆ. ಅದರ ತಳಹದಿ ಮಾತ್ರ ಮರೆಯಬಾರದು: ಆ ಕೆರೆಗಳ ನೀರು ಊರಿನ ಗದ್ದೆಗಳಿಗೆ ಹೋಗುತ್ತಿತ್ತು. ಸ್ವಂತ ಸ್ಪ್ರಿಂಕ್ಲರಿಗೆಂದೋ, ಹೋಮ್‌ಸ್ಟೇ ಅತಿಥಿಗಳ ದೋಣಿಗೆಂದೋ ನೀರು ಕಟ್ಟಿದವರು ಕಾರ್ವೇಟಿನಗರದ ಆಸರೆ ಹಿಡಿದು ಕೋರ್ಟಿಗೆ ಹೋದರೆ ಜಡ್ಜ್ ಕೇಳುವ ಮೊದಲ ಪ್ರಶ್ನೆಗೇ ತಡವರಿಸಬೇಕಾದೀತು.

ಕಾಯ್ದೆ ತಿದ್ದುಪಡಿಯಾಗುವವರೆಗೆ ಕಾಯಬೇಕಾದ ಅಗತ್ಯ ತೋಟದವರಿಗೇನೂ ಇಲ್ಲ. ಮೇ ತಿಂಗಳಲ್ಲಿ ಕೋಡಿಯ ಹೂಳು, ಅಂತರಗಂಗೆ ತೆಗೆಸಿ, ಬಲೆ ಬಿಚ್ಚಿಸಿ. ಏರಿಯ ಹೊರಮೈಯ ಪೊದೆ ಸವರಿಸಿ; ಪೊದೆಯಿದ್ದರೆ ಜರಿತವಾಗಲಿ ಬಿಲವಾಗಲಿ ಕಾಣುವುದಿಲ್ಲ. ದೊಡ್ಡ ಮರವಿದ್ದರೆ ಗಡಿಬಿಡಿಯಲ್ಲಿ ಬೇರುಸಹಿತ ಕೀಳಿಸಬೇಡಿ, ತಿಳಿದವರನ್ನು ಕೇಳಿ. ತೂಬಿನ ಕೊಳವೆ ಏರಿಯಿಂದ ಹೊರಬರುವ ಜಾಗವನ್ನು ಬಗ್ಗಿ ನೋಡಿ. ಕೊಳವೆಯ ಒಳಗಿನಿಂದ ನೀರು ಬರಲಿ, ಅದರ ಸುತ್ತಲಿನ ಮಣ್ಣಿನಿಂದ ಬರಬಾರದು. ಜುಲೈಯಲ್ಲಿ ಜಡಿಮಳೆ ಹಿಡಿದಾಗ ದಿನಕ್ಕೊಮ್ಮೆ ಹೊರಬುಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಏರಿಯ ಮೇಲೆ ಜೀಪಿನಲ್ಲಿ ಹೋದದ್ದು ಲೆಕ್ಕಕ್ಕಿಲ್ಲ. ಲೋಟದಲ್ಲಿ ಹಿಡಿದ ನೀರು ಕೆಂಪಾಗಿ ಬಂತೋ, ಮೊದಲು ಕೆಳಗಿನ ಲೈನ್ ಮನೆಗಳ, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳ, ಬಾಗಿಲು ಬಡಿದು ಎಲ್ಲರನ್ನೂ ಮೇಲಿನ ರಸ್ತೆಗೆ ಹತ್ತಿಸಿ. ಜೆಸಿಬಿಯವನಿಗೆ ಫೋನು ಆಮೇಲೆ.